ಹೋರಿ ಪಳಗುವುದು ಹಾಲು ಕರೆಯುವ ಹೊತ್ತಿನಲ್ಲಿ

ನಮ್ಮ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ ಒಂದು ಒಳ್ಳೆ ಜೋಡೆತ್ತು ಕಂಡರೆ ಜನ ಕೇಳುವುದು ಎರಡೇ ಮಾತು. ಎಷ್ಟಕ್ಕೆ ತಂದ್ರಿ? ಯಾರು ಪಳಗಿಸಿದರು? ಎರಡನೇ ಪ್ರಶ್ನೆಗೆ ಉತ್ತರವಾಗಿ ಬರುವುದು ಯಾವಾಗಲೂ ಗಂಡಸಿನ ಹೆಸರೇ. ನೊಗ ಹೂಡಿದವನು, ಮೊದಲ ಸಲ ಕುಂಟೆಗೆ ಕಟ್ಟಿದವನು, ಬಂಡಿ ಹೂಡಿ ಊರ ಸುತ್ತ ಓಡಾಡಿಸಿದವನು. ಅವರ ಕೈಚಳಕವನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ಆ ಎತ್ತು ನೊಗಕ್ಕೆ ಕೊರಳು ಕೊಡುವ ಎರಡು ವರ್ಷ ಮೊದಲೇ ಹಗ್ಗದ ಮಾತು ಕಲಿತಿರುತ್ತದೆ. ಅದನ್ನು ಕಲಿಸಿದವಳು ಹಾಲು ಕರೆಯುವ ಹೆಂಗಸು. ನಮ್ಮ ಮನೆಯಲ್ಲಿ ಅದು ಅವ್ವ.

ಜವಾರಿ ಆಕಳು ಕರುವಿಲ್ಲದೆ ತೊರೆ ಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಹಾಲು ಇಳಿಸುವುದಿಲ್ಲ. ಹಾಗಾಗಿ ಕರುವನ್ನು ರಾತ್ರಿ ಬೇರೆ ಕಟ್ಟಿರುತ್ತಾರೆ. ಬೆಳಗ್ಗೆ ಕಣ್ಣಿ ಬಿಚ್ಚಿದ ಕೂಡಲೇ ಅದು ಹಸಿದು ಕೆಚ್ಚಲಿಗೆ ನುಗ್ಗುತ್ತದೆ. ನಾಲ್ಕೂ ಮೊಲೆ ಚೀಪಿ, ತಲೆಯಿಂದ ಗುದ್ದಿ, ತೊರೆ ಇಳಿಸುತ್ತದೆ. ಆಗ ಅದನ್ನು ಬಿಡಿಸಬೇಕು. ಬಾಯಲ್ಲಿ ಹಾಲಿರುವಾಗ, ಹೊಟ್ಟೆಯಲ್ಲಿ ಹಸಿವಿರುವಾಗ ಬಿಡಿಸಿ, ತಾಯಿಯ ಮುಂಗಾಲಿನ ಹತ್ತಿರ ಕಟ್ಟಬೇಕು. ತಾಯಿ ಅದನ್ನು ನೆಕ್ಕುತ್ತಾ ನಿಲ್ಲುತ್ತದೆ, ಹಾಲು ಇಳಿಯುತ್ತದೆ. ಕರೆದ ಮೇಲೆ ಮತ್ತೆ ಬಿಚ್ಚಿ, ಉಳಿದದ್ದನ್ನು ಕರುವಿಗೆ ಬಿಡಬೇಕು. ಸಂಜೆ ಮತ್ತೆ ಇದೇ. ಹುಟ್ಟಿದ ಮೊದಲ ವಾರಗಳಿಂದ ತಿಂಗಳುಗಟ್ಟಲೆ, ದಿನಕ್ಕೆ ಎರಡು ಸಲ, ಒಂದು ಕರು ಕಟ್ಟಿಸಿಕೊಳ್ಳುತ್ತದೆ, ಬಿಚ್ಚಿಸಿಕೊಳ್ಳುತ್ತದೆ, ಎಳೆಸಿಕೊಳ್ಳುತ್ತದೆ, ಸುಮ್ಮನೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಶಾಲೆ ಯಾವುದಿದೆ?

ಅವ್ವ ಕರುವನ್ನು ಬಿಡಿಸುವ ರೀತಿಯನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಅವಳು ಹಿಂದಕ್ಕೆ ಜಗ್ಗುವುದಿಲ್ಲ. ಕರುವಿನ ಬಾಯಿಯ ಮೂಲೆಗೆ ಬೆರಳು ತೂರಿಸಿ ಮೊಲೆ ಬಿಡಿಸುತ್ತಾಳೆ. ಮೂತಿಯನ್ನು ಪಕ್ಕಕ್ಕೆ ಹೊರಳಿಸುತ್ತಾಳೆ. ತಲೆ ಹೊರಳಿದ ಕಡೆ ಮೈ ತಾನೇ ಹೊರಳುತ್ತದೆ. ಆ ತಿರುವಿನಲ್ಲೇ ಎರಡು ಹೆಜ್ಜೆ ನಡೆಸಿ ಗೂಟಕ್ಕೆ ತರುತ್ತಾಳೆ. ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಕಣ್ಣಿಗೆ ಬಿತ್ತು. ಕರು ಕುಣಿಯುತ್ತಿರುವಾಗ ಅವಳು ಕಣ್ಣಿ ಬಿಚ್ಚುವುದೇ ಇಲ್ಲ. ಹಾಲಿನ ಚೆರಿಗೆ ಒಳಗಿಟ್ಟು ಬಂದು, ಪಕ್ಕದಲ್ಲಿ ನಿಂತು, ಬೆನ್ನು ತುರಿಸುತ್ತಾಳೆ. ಕರು ಒಂದು ಗಳಿಗೆ ಸುಮ್ಮನಾಯಿತೋ, ಆಗ ಕೈ ಗಂಟಿಗೆ ಹೋಗುತ್ತದೆ. "ಒದ್ದಾಡಿದಾಗ ಬಿಚ್ಚಿದರ ಒದ್ದಾಡೂದ ಕಲೀತದ" ಅಂತಾಳೆ. ಅಷ್ಟೇ ಅವಳ ವಿವರಣೆ.

ಹಗ್ಗದ ವಿದ್ಯೆಯೆಲ್ಲ ಆ ಮಾತಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ದನದ ಹುಟ್ಟುಗುಣವೇ ಹಾಗೆ, ಮುಂದಕ್ಕೆ ಎಳೆದರೆ ಹಿಂದಕ್ಕೆ ಊರಿ ನಿಲ್ಲುತ್ತದೆ. ನೀವು ಜಾಸ್ತಿ ಎಳೆದಷ್ಟೂ ಅದು ಜಾಸ್ತಿ ಊರುತ್ತದೆ. ಎಳೆತ ಅದಕ್ಕೆ ಏನನ್ನೂ ಹೇಳುವುದಿಲ್ಲ, ಬರೀ ತೊಂದರೆ ಕೊಡುತ್ತದೆ. ಆ ತೊಂದರೆ ಯಾವಾಗ ನಿಂತಿತು, ತಾನು ಏನು ಮಾಡಿದಾಗ ನಿಂತಿತು ಅನ್ನುವುದನ್ನು ಕರು ನೆನಪಿಟ್ಟುಕೊಳ್ಳುತ್ತದೆ. ಹೆಜ್ಜೆ ಇಟ್ಟ ಕ್ಷಣಕ್ಕೆ ಹಗ್ಗ ಸಡಿಲಾದರೆ ಹೆಜ್ಜೆ ಇಡುವುದು ಕಲಿಯುತ್ತದೆ. ಹಿಂದಕ್ಕೆ ಜಿಗಿದಾಗ ನಮ್ಮ ಕೈ ಸೋತು ಸಡಿಲಾದರೆ ಜಿಗಿಯುವುದು ಕಲಿಯುತ್ತದೆ. ಎರಡನ್ನೂ ಅಷ್ಟೇ ಚೆನ್ನಾಗಿ ಕಲಿಯುತ್ತದೆ.

ಮೊದಲು ನಮ್ಮ ಮಾಳಿಗೆ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದೇ ದನ ಕಟ್ಟುವ ಅಂಕಣ. ಅದರಾಚೆ ಎತ್ತರದಲ್ಲಿ ಪಡಸಾಲೆ. ಮನೆಯವರು ಉಣ್ಣುವುದು, ಮಕ್ಕಳು ಓದುವುದು, ಬಂದವರ ಜೊತೆ ಮಾತು, ಎಲ್ಲವೂ ದನದ ಕಣ್ಣೆದುರಿಗೇ. ಆ ಮನೆಯಲ್ಲಿ ಹುಟ್ಟಿದ ಕರುವಿಗೆ ಮನುಷ್ಯರ ಸದ್ದು, ವಾಸನೆ, ಕೈ ಹೊಸದಾಗಿರುತ್ತಿರಲಿಲ್ಲ. ಅದರ ಅರ್ಧ ಹೆದರಿಕೆ ಹಾಗೇ ಹೋಗಿರುತ್ತಿತ್ತು. ಈಗ ಸಿಮೆಂಟಿನ ಮನೆ, ದನಕ್ಕೆ ಹೊಲದಲ್ಲಿ ತಗಡಿನ ಶೆಡ್ಡು. ಮನೆ ಸ್ವಚ್ಛವಾಯಿತು, ಒಳ್ಳೆಯದೇ. ಆದರೆ ಕರು ಮನುಷ್ಯರನ್ನು ನೋಡುವುದು ಮೇವು ಹಾಕುವಾಗ ಮಾತ್ರ. ಮಿಶ್ರತಳಿ ಸಾಕುವ ಕಡೆ ಕರುವನ್ನು ತಾಯಿಯಿಂದ ಬೇಗ ಬೇರ್ಪಡಿಸಿ ಬಕೆಟ್ಟಿನಲ್ಲಿ ಹಾಲು ಕುಡಿಸುವ ರೂಢಿಯೂ ಬಂದಿದೆ. ಅಲ್ಲಿ ಬಿಡಿಸುವುದೂ ಇಲ್ಲ, ಕಟ್ಟುವುದೂ ಇಲ್ಲ. ಆ ಮಣಕ, ಅಂದರೆ ಇನ್ನೂ ಈಯದ ಹೆಣ್ಣುದನ, ಮೊದಲ ಸಲ ಹಗ್ಗ ಕಾಣುವುದು ಡಾಕ್ಟರು ಬಂದ ದಿನ. ಅವತ್ತು ನಾಲ್ಕು ಜನ ಬೇಕು, ಜೊತೆಗೆ ಬೈಗುಳ ಬೇರೆ. ಇಂಥ ಮನೆಗಳಲ್ಲಿ ಹಗ್ಗದ ಪಾಠವನ್ನು ಬೇಕಂತಲೇ, ಹೊತ್ತು ಕೊಟ್ಟು ಕಲಿಸಬೇಕಾಗುತ್ತದೆ.

ಶುರು ಮಾಡಲು ಎರಡು ಮೂರು ತಿಂಗಳು ಒಳ್ಳೆ ಹೊತ್ತು. ಆಗ ಕರುವಿನ ಬಲಕ್ಕಿಂತ ನಮ್ಮ ಬಲ ಜಾಸ್ತಿ ಇರುತ್ತದೆ, ಅದು ಕರುವಿಗೂ ಗೊತ್ತಿರುತ್ತದೆ. ಆರು ತಿಂಗಳು ದಾಟಿದ ಹೋರಿಗರು ಗಟ್ಟಿ ಆಳನ್ನೂ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಎಳೆದುಕೊಂಡು ಹೋದರೆ, ತಾನು ಗೆಲ್ಲಬಹುದು ಅನ್ನುವುದನ್ನು ಅದು ಮರೆಯುವುದಿಲ್ಲ.

ಹಗ್ಗದ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಪುಂಡಿ ಬರೀ ಪಲ್ಯಕ್ಕಲ್ಲ, ಅದರ ನಾರಿನಿಂದ ನಮ್ಮಲ್ಲಿ ಹಗ್ಗ ಹೊಸೆಯುತ್ತಿದ್ದರು. ಕಟ್ಟಿಗೆ ಬಲಿತ ಮೇಲೆ ಕಿತ್ತು, ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ, ತೊಡೆಯ ಮೇಲೆ ಹೊಸೆದ ಕಣ್ಣಿ ನೋಡಲು ಒರಟು. ಆದರೆ ಬೆವರು ಹೀರುತ್ತದೆ, ಕೈಯಲ್ಲಿ ಜಾರುವುದಿಲ್ಲ. ಈಗ ಸಂತೆಯಲ್ಲಿ ಸಿಗುವುದೆಲ್ಲ ನೈಲಾನು. ಹಸಿರು, ನೀಲಿ, ಕೇಸರಿ ಬಣ್ಣದ್ದು. ಅಗ್ಗ, ಗಟ್ಟಿ, ಮಳೆಗೆ ಕೊಳೆಯುವುದಿಲ್ಲ. ಗೂಟಕ್ಕೆ ಕಟ್ಟಲು ಅದು ನಡೆಯುತ್ತದೆ. ಕರುವಿನ ಮುಖಕ್ಕೆ ಮಾತ್ರ ಬೇಡ. ತೆಳ್ಳನೆಯ ನೈಲಾನು ಎಳೆತ ಬಿದ್ದಾಗ ಚರ್ಮ ಕೊಯ್ಯುತ್ತದೆ, ಹಿಡಿದವರ ಅಂಗೈ ಸುಡುತ್ತದೆ. ಪುಂಡಿ ಸಿಗದಿದ್ದರೆ ಹೆಬ್ಬೆರಳ ದಪ್ಪದ ನೂಲಿನ ಹಗ್ಗ ತನ್ನಿ.

ಮುಖಕ್ಕೆ ಹಾಕುವುದನ್ನು ನಾವು ಮಗಡ ಅನ್ನುತ್ತೇವೆ. ಕಾರ ಹುಣ್ಣಿಮೆ ಬಂದರೆ ಅಂಗಡಿಯಲ್ಲಿ ಬಣ್ಣದ ಗೊಂಡೆ ಹಚ್ಚಿದ ಮಗಡಗಳು ತೂಗಾಡುತ್ತವೆ. ಅವು ಸಿಂಗಾರಕ್ಕೆ. ಕಲಿಸುವ ಮಗಡ ಸರಳವಾಗಿದ್ದರೆ ಸಾಕು. ಆದರೆ ಕೂರುವ ಜಾಗ ಸರಿಯಾಗಿರಬೇಕು. ಮೂಗಿನ ಮೇಲಿನ ಪಟ್ಟಿ ಕಣ್ಣಿಗೆ ಹತ್ತಿರ, ಗಟ್ಟಿ ಎಲುಬಿರುವ ಕಡೆ ಬರಬೇಕು. ಬೆರಳಿಟ್ಟು ನೋಡಿ, ಎಲುಬು ಮುಗಿದು ಮೆತ್ತಗಾಗುವ ಜಾಗ ಸಿಗುತ್ತದೆ. ಪಟ್ಟಿ ಅಲ್ಲಿಗೆ ಇಳಿದರೆ ಉಸಿರು ಕಟ್ಟುತ್ತದೆ, ಕರು ಗಾಬರಿಯಾಗುತ್ತದೆ, ನಾವು ಅದನ್ನು ಮೊಂಡ ಅನ್ನುತ್ತೇವೆ. ಮೇಲಿನ ಪಟ್ಟಿ ಕಿವಿಯ ಹಿಂದೆ ಕೂರಬೇಕು. ಕಣ್ಣಿಗೆ ಎಲ್ಲೂ ತಾಗಬಾರದು. ಹಿಡಿಯುವ ಹಗ್ಗ ಗದ್ದದ ಕೆಳಗಿನಿಂದ ಬಂದು, ಎಳೆದಾಗ ಬಿಗಿಯಾಗಿ, ಬಿಟ್ಟಾಗ ತಾನೇ ಸಡಿಲಾಗಬೇಕು. ಬಿಟ್ಟರೂ ಬಿಗಿಯೇ ಉಳಿಯುವ ಮಗಡ ಕರುವಿಗೆ ಏನನ್ನೂ ಕಲಿಸಲಾರದು, ಯಾಕೆಂದರೆ ಅದರಲ್ಲಿ ಸಡಿಲವೇ ಇಲ್ಲ. ಕೊರಳಿಗೆ ಜಾರುಗಂಟು ಹಾಕಿ ಎಳೆಯುವುದಂತೂ ಬೇಡವೇ ಬೇಡ. ಅದು ಉರುಳು. ಕರು ಹಿಂದಕ್ಕೆ ಬಿದ್ದರೆ ಬಿಚ್ಚಲು ಹೊತ್ತು ಸಿಗುವುದಿಲ್ಲ.

ಮೊದಲು ಮಗಡ ಹಾಕಿ ಸುಮ್ನೆ ಬಿಡಿ. ತಲೆ ಕೊಡವಲಿ, ಮೇವು ತಿನ್ನುವ ಗ್ವಾದಲಿಗೆ ಮೂತಿ ಉಜ್ಜಲಿ. ನಾಲ್ಕಾರು ದಿನದಲ್ಲಿ ಅದರ ನೆನಪೇ ಹೋಗುತ್ತದೆ. ಕೆಲವರು ಒಂದು ಮೊಳದಷ್ಟು ಹಗ್ಗವನ್ನೂ ಇಳಿಬಿಡುತ್ತಾರೆ. ಕರು ಅದನ್ನು ತಾನೇ ತುಳಿದು, ತಲೆ ಸಿಕ್ಕಿಕೊಂಡು, ಕಾಲೆತ್ತಿದಾಗ ಸಡಿಲಾಗುವುದನ್ನು ತಾನೇ ಕಂಡುಕೊಳ್ಳುತ್ತದೆ. ಒಳ್ಳೆ ಉಪಾಯ. ಆದರೆ ಮುಳ್ಳು, ಕಲ್ಲು, ಬಂಡಿ ಗಾಲಿ ಇಲ್ಲದ ಜಾಗದಲ್ಲಿ, ಕಣ್ಣೆದುರಿಗೆ ಇದ್ದಾಗ ಮಾತ್ರ.

ಆಮೇಲೆ ಕಟ್ಟುವುದು. ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಸಿಕ್ಕ ಗೂಟಕ್ಕೆ, ಸಿಕ್ಕಷ್ಟು ಉದ್ದ ಕಟ್ಟಿ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಮೊದಲ ಗೂಟ ಬೇವಿನ ಮರವೇ ಆಗಬೇಕು. ಅಲುಗಾಡದ್ದು. ಗೂಟ ಕಿತ್ತುಬಂದರೆ ಕರು ಗೂಟವನ್ನು ಎಳೆದುಕೊಂಡು ಓಡುತ್ತದೆ, ಗೂಟ ಹಿಂದಿನಿಂದ ಕಾಲಿಗೆ ಬಡಿಯುತ್ತದೆ, ಇನ್ನೂ ಜೋರಾಗಿ ಓಡುತ್ತದೆ. ಆ ಹೆದರಿಕೆ ತೆಗೆಯಲು ತಿಂಗಳು ಬೇಕು. ಗಂಟು ಕರುವಿನ ತಲೆಯ ಎತ್ತರಕ್ಕೆ ಇರಲಿ. ಹಗ್ಗ ಒಂದು ಮೊಳಕ್ಕಿಂತ ಜಾಸ್ತಿ ಬೇಡ. ಉದ್ದ ಬಿಟ್ಟರೆ ಮುಂಗಾಲು ದಾಟಿ ಸಿಕ್ಕಿಕೊಳ್ಳುತ್ತದೆ, ಬಿದ್ದು ಕೊರಳು ಹೊರಳುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕು. ಹಗ್ಗದ ತುದಿಯನ್ನು ಪೂರ್ತಿ ಪೋಣಿಸದೆ, ಮಡಿಕೆಯನ್ನಷ್ಟೇ ತೂರಿಸಿ ಬಿಗಿಯುವ ಗಂಟು. ಊರಲ್ಲಿ ಸಣ್ಣ ಹುಡುಗರಿಗೂ ಅದು ಬರುತ್ತದೆ. ಕೈಯಲ್ಲಿ ಕುಡುಗೋಲೂ ಇರಲಿ.

ಮತ್ತೆ, ಕಟ್ಟಿದವರು ಅಲ್ಲೇ ಇರಬೇಕು. ಜೋಳದ ರವದಿ ಬಿಡಿಸುತ್ತಲೋ ಫೋನಿನಲ್ಲಿ ಮಾತಾಡುತ್ತಲೋ ಹತ್ತಿರ ಕೂರಬಹುದು, ಆದರೆ ಎದ್ದು ಹೋಗುವಂತಿಲ್ಲ. ಕರು ಮೊದಲು ಜಗ್ಗುತ್ತದೆ, ಮಲಗಿಬಿಡುತ್ತದೆ, ನಾಲಿಗೆ ಹೊರಹಾಕುತ್ತದೆ. ಮಲಗಿದಾಗ ತಲೆ ನೇತಾಡದಂತೆ ಹಗ್ಗ ಸಡಿಲಿಸಬೇಕು. ಹೊಡೆದು ಎಬ್ಬಿಸುವುದರಿಂದ ಏನೂ ಬರುವುದಿಲ್ಲ. ಎದ್ದು ನಿಂತು, ಒಂದು ಹೆಜ್ಜೆ ಮರದ ಕಡೆ ಬಂದಾಗ ಮಗಡ ಸಡಿಲಾಗುತ್ತದಲ್ಲ, ಆ ಗಳಿಗೆಗೆ ಕಾಯಬೇಕು. ಮರ ಯಾವತ್ತೂ ಸಿಟ್ಟು ಮಾಡುವುದಿಲ್ಲ, ಆಯಾಸಪಡುವುದಿಲ್ಲ, ಅದಕ್ಕೇ ಅದು ನಮಗಿಂತ ಒಳ್ಳೆ ಗುರು. ಮೊದಲ ದಿನ ಅರ್ಧ ಗಂಟೆ ಸಾಕು. ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಈ ಗಿಡ್ಡ ಹಗ್ಗ ಪಾಠದ ಹೊತ್ತಿಗೆ ಮಾತ್ರ ಅನ್ನುವುದನ್ನೂ ಹೇಳಬೇಕು. ರಾತ್ರಿಯೆಲ್ಲ ಹಾಗೆ ಕಟ್ಟಿದರೆ ಕರು ಮಲಗಲಾರದು, ಮೈ ನೆಕ್ಕಿಕೊಳ್ಳಲಾರದು. ದನವನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಹಗ್ಗ, ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು ಕೂಡ ಹೌದು.

ಗೂಟದ ಮಾತು ಬಂದಾಗೆಲ್ಲ ನನಗೆ ಕುಡತಿನಿ ನೆನಪಾಗುತ್ತದೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಊರಾಚೆ ಒಂದು ಬೂದಿಯ ದಿಬ್ಬವಿದೆ. ಹೊಸ ಶಿಲಾಯುಗದ ಜನ ದನ ಕೂಡಿಹಾಕಿ, ರಾಶಿಯಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ ಅದು. ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಸುಮಾರಿವೆ. ಕೃಷ್ಣೆಯ ಆಚೆ, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಅನ್ನುವ ವಿದ್ವಾಂಸರು 1957ರಲ್ಲಿ ಅಗೆದಾಗ, ಬೇಲಿಗೆ ಕಂಬ ಹೂತ ಗುಂಡಿಗಳೂ ದನದ ಗೊರಸಿನ ಗುರುತುಗಳೂ ಸಿಕ್ಕವು. ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಉದ್ದ ಕೋಡಿನ, ಡುಬ್ಬದ ದನಗಳನ್ನು ಕುಟ್ಟಿ ಬಿಡಿಸಿದ್ದಾರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಈ ನೆಲದಲ್ಲಿ ದನ ಕೂಡಿಹಾಕಿ, ಹೊರಗೆ ಹೊಡೆದುಕೊಂಡು ಹೋಗಿ, ಮತ್ತೆ ಒಳಗೆ ತರುತ್ತಿದ್ದರು. ನಾರಿನ ಹಗ್ಗವಾಗಲಿ ತೊಗಲಿನ ಮಿಣಿಯಾಗಲಿ ಅಷ್ಟು ದಿನ ಉಳಿಯುವುದಿಲ್ಲ. ಗುಂಡಿ ಉಳಿದಿದೆ, ಗೊರಸು ಉಳಿದಿದೆ. ಆದರೂ ಅಲ್ಲೂ ಒಂದು ಹಸಿದ ಕರುವನ್ನು ಕೆಚ್ಚಲಿನಿಂದ ಬಿಡಿಸಿದ ಕೈ ಇದ್ದಿರಲೇಬೇಕು ಅಂತ ನಾನು ನಂಬುತ್ತೇನೆ.

ನಡೆಸುವುದಕ್ಕೆ ಬರೋಣ. ಕಟ್ಟಿದಲ್ಲಿ ಸುಮ್ಮನೆ ನಿಲ್ಲುವ ಕರುವಿಗೆ ನಡೆಯುವುದು ಕಷ್ಟವಲ್ಲ. ಮೊದಲು ತಾಯಿಯ ಹಿಂದೆ, ನೀರಿನ ತೊಟ್ಟಿಯವರೆಗೆ. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಎಳೆಯಬಾರದು. ಭುಜದ ಪಕ್ಕ ನಿಂತು, ತಲೆಯನ್ನು ಸ್ವಲ್ಪ ತನ್ನ ಕಡೆ ತಿರುಗಿಸಿದರೆ ಮುಂಗಾಲು ತಾನೇ ಎದ್ದು ಪಕ್ಕಕ್ಕೆ ಬೀಳುತ್ತದೆ. ಅದೇ ಮೊದಲ ಹೆಜ್ಜೆ. ಬಿದ್ದ ಕೂಡಲೇ ಹಗ್ಗ ಬಿಡಿ, ಬೆನ್ನು ತುರಿಸಿ. ಆಮೇಲೆ ಆ ಕಡೆಗೆ ಒಂದು. ಹಾಗೇ ಅಡ್ಡಾದಿಡ್ಡಿಯಾಗಿ ಹೋದರೂ ಪರವಾಗಿಲ್ಲ, ನೇರ ನಡಿಗೆ ಆಮೇಲೆ ಬರುತ್ತದೆ. ತೊಟ್ಟಿ ಹತ್ತಿರ ಸೇಂಗಾ ಹಿಂಡಿಯ ಚೂರು ಇದ್ದರೆ ಇನ್ನೂ ಒಳ್ಳೆಯದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಮಡಿಚಿ ಹಿಡಿಯಿರಿ. ಸುತ್ತಿಕೊಂಡು ಬೆರಳು ಕಳೆದುಕೊಂಡವರು ನಮ್ಮ ಸುತ್ತಲ ಊರುಗಳಲ್ಲಿದ್ದಾರೆ.

ಕರು ದಾರಿ ಮಧ್ಯೆ ಗಕ್ಕನೆ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ. ದನದ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಬೆನ್ನ ಹಿಂದಿನ ಒಂದಿಷ್ಟು ಬಿಟ್ಟರೆ ಸುತ್ತಲೆಲ್ಲ ಕಾಣುತ್ತದೆ. ಆದರೆ ಆಳ ಅಳೆಯುವುದರಲ್ಲಿ ಆ ಕಣ್ಣು ನಮ್ಮಷ್ಟು ಚುರುಕಲ್ಲ. ನಮಗೆ ಗೇಣುದ್ದದ ಚರಂಡಿ, ಅದಕ್ಕೆ ತಳ ಕಾಣದ ಕಂದಕ ಇರಬಹುದು. ಬಿಸಿಲ ನೆಲದ ಮೇಲೆ ಬಿದ್ದ ಕಪ್ಪು ನೆರಳೂ ಹಾಗೇ. ಆಗ ಹಗ್ಗ ಸಡಿಲ ಬಿಟ್ಟು, ತಲೆ ತಗ್ಗಿಸಲು ಬಿಡಬೇಕು. ಮೂಸುತ್ತದೆ, ಬುಸ್ಸೆನ್ನುತ್ತದೆ, ಆಮೇಲೆ ದಾಟುತ್ತದೆ. ಹಿಂದಿನಿಂದ ಒಬ್ಬರು ಬಾಲ ತಿರುಚುವುದು ನಮ್ಮಲ್ಲಿ ಮಾಮೂಲು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮುಂದೆ ಕಂದಕ, ಹಿಂದೆ ನೋವು. ಆ ಕರು ಇನ್ನೆಲ್ಲಿಗೆ ಹೋಗಬೇಕು?

ಈಗ ಮೂಗುದಾರ. ಹಿರಿಯರ ಜೊತೆ, ಸಂತೆಯ ದಲ್ಲಾಳಿಗಳ ಜೊತೆ ನಾನು ಜಗಳ ಆಡುವುದು ಇದೊಂದರ ಮೇಲೆ. ಇತ್ತೀಚೆಗೆ ಕರು ಸ್ವಲ್ಪ ಜಿಗಿದಾಡಿದರೂ ಸಾಕು, "ಮೂಗು ಚುಚ್ಚಿಬಿಡ್ರಿ, ತಾನ ಬರ್ತದ" ಅಂತಾರೆ. ಹೌದು, ಬರುತ್ತದೆ. ಎರಡು ಹೊಳ್ಳೆಗಳ ನಡುವಿನ ಆ ತೆಳು ಗೋಡೆಯಲ್ಲಿ ನರಗಳು ತುಂಬಿವೆ, ನೋವಿಗೆ ಯಾರು ಬೇಕಾದರೂ ಬರುತ್ತಾರೆ. ಆದರೆ ಚುಚ್ಚಿದ ಮೇಲೆ ಆ ಗಾಯ ಮಾಯಲು ವಾರಗಳು ಬೇಕು. ಅಷ್ಟು ದಿನ ಆ ಹೋರಿಯನ್ನು ಯಾವುದರಿಂದ ಹಿಡಿದು ನಡೆಸುತ್ತೀರಿ? ಮಗಡದಲ್ಲಿ ನಡೆಯಲು ಕಲಿತಿದ್ದರೆ ಮಗಡದಿಂದ ನಡೆಸಬಹುದು, ಮೂಗು ಮುಟ್ಟದೆ ಬಿಡಬಹುದು. ಕಲಿಯದಿದ್ದರೆ ಹಸಿ ಗಾಯದ ದಾರವನ್ನೇ ಜಗ್ಗಬೇಕಾಗುತ್ತದೆ. ಗಾಯ ಹರಿಯುತ್ತದೆ, ಕೀವಾಗುತ್ತದೆ, ಮಳೆಗಾಲವಾದರೆ ನೊಣ ಕೂತು ಹುಳ ಬೀಳುತ್ತವೆ. ಇಷ್ಟೆಲ್ಲ ಆದಮೇಲೆ ಆ ಎತ್ತು ಯಾರಾದರೂ ಮುಖದ ಕಡೆ ಕೈ ತಂದರೆ ಕೋಡು ಬೀಸುತ್ತದೆ. ಸಂತೆಯಲ್ಲಿ ಅದಕ್ಕೆ "ಹಾಯ್ತದ" ಅಂತ ಹೆಸರು ಬಿದ್ದು, ಅರ್ಧ ಬೆಲೆಗೆ ಹೋಗುತ್ತದೆ. ಮಗಡ ಮೊದಲು, ಮೂಗುದಾರ ಆಮೇಲೆ. ಬಂಡಿ, ಕುಂಟೆಗೆ ಹೂಡುವ ಎತ್ತಿಗೆ ಮೂಗುದಾರ ಬೇಕೇ ಬೇಕು ಅನ್ನುವವರ ಜೊತೆ ನಾನು ವಾದಿಸುವುದಿಲ್ಲ. ನಡೆಯಲು ಬಾರದ ಕರುವಿನ ಮೇಲೆ ಅದನ್ನು ಹೇರುವುದನ್ನು ಮಾತ್ರ ಒಪ್ಪಲಾರೆ.

ಟ್ರ್ಯಾಕ್ಟರ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗಳಲ್ಲಿ ಎತ್ತು ಕಾಣುವುದು ಕಡಿಮೆಯಾಗಿದೆ, ನಿಜ. ನಮ್ಮ ಮಳೆ ನಂಬಿದ ಎರೆ ಹೊಲದಲ್ಲಿ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯಲು ಈಗಲೂ ಎತ್ತೇ ಬೇಕು. ಎತ್ತು ಬೇಡ, ಹಾಲಿಗೆ ಮಾತ್ರ ದನ ಅಂದರೂ ಹಗ್ಗದ ಪಾಠ ಬೇಕು. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ ಬರುತ್ತದೆ. ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆಯನ್ನು ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಹಾಕಿಸಬೇಕು. ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹೊಡೆಸಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರೋಗದ ದನವನ್ನು ಉಳಿದವುಗಳಿಂದ ದೂರ ಕಟ್ಟಿ ಅಂದರು. ಸಂತೆ, ಜಾತ್ರೆಯ ದನದ ವ್ಯಾಪಾರ ನಿಂತವು. ಮೈತುಂಬ ಗಂಟೆದ್ದು ಜ್ವರದಲ್ಲಿ ನಡುಗುವ ಮಣಕ, ಹಗ್ಗ ಅಂದರೆ ಏನಂತ ಗೊತ್ತಿಲ್ಲದ್ದು. ಅದನ್ನು ಬೇರೆ ಕಡೆ ಒಯ್ಯುವುದು ಎಂಥ ಹಿಂಸೆ ಅಂತ ಆ ವರ್ಷ ಬಹಳ ಮನೆಗಳಿಗೆ ಗೊತ್ತಾಯಿತು. ಪಳಗಿದ ಕರುಗಳಿದ್ದ ಮನೆಯಲ್ಲಿ ಒಂದು ಮುದುಕಿ ಅದನ್ನು ಹಿಡಿದುಕೊಂಡು ಹೋಗಿ ಬೇವಿನ ನೆರಳಿಗೆ ಕಟ್ಟಿ ಬರುತ್ತಿದ್ದಳು.

ಹಬ್ಬವೂ ಇದೆಯಲ್ಲ. ಕಾರ ಹುಣ್ಣಿಮೆ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಊರ ಅಗಸಿ ಬಾಗಿಲಲ್ಲಿ ಅಡ್ಡ ಕಟ್ಟಿದ ತೋರಣದ ಕಡೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಹಲಗೆಯ ಸದ್ದು, ಪಟಾಕಿ, ಸಿಳ್ಳೆ, ಮಾಳಿಗೆ ಮೇಲೆಲ್ಲ ಜನ. ಯಾವ ಬಣ್ಣದ ಎತ್ತು ಮೊದಲು ಬಂತು, ಈ ಸಲ ಯಾವ ಪೀಕು ಚೆನ್ನಾಗಿ ಬರುತ್ತದೆ ಅಂತ ಹಿರಿಯರು ಲೆಕ್ಕ ಹಾಕುತ್ತಾರೆ. ನಾನು ನೋಡುವುದು ಬೇರೆ. ಕರಿ ಹರಿದು ಬಂದ ಎತ್ತು ಎಷ್ಟು ಹೊತ್ತಿನಲ್ಲಿ ಉಸಿರು ಇಳಿಸಿ, ತಲೆ ತಗ್ಗಿಸಿ, ತನ್ನವರ ಪಕ್ಕ ನಿಲ್ಲುತ್ತದೆ ಅನ್ನುವುದು. ಕರುವಿದ್ದಾಗ ಗದ್ದಲದ ನಡುವೆಯೂ ಹಗ್ಗದ ತುದಿಯಲ್ಲಿ ಕೆಟ್ಟದ್ದೇನೂ ಆಗದೆ ಬೆಳೆದದ್ದು ಬೇಗ ನಿಲ್ಲುತ್ತದೆ.

ಬಿಸಿಲ ವಿಷಯ ಒಂದು ಮಾತು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ದುಡಿಯುವ ದನಗಳ ಬಗ್ಗೆ 1965ರ ನಿಯಮವೊಂದಿದೆ. 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಅವುಗಳನ್ನು ದುಡಿಸುವಂತಿಲ್ಲ. ಕರುವಿನ ಪಾಠಕ್ಕೂ ಅದೇ ಲೆಕ್ಕ ಇಟ್ಟುಕೊಳ್ಳಿ. ಬೆಳಗ್ಗೆ ಹಾಲು ಕರೆದ ಮೇಲೆ, ಬಿಸಿಲೇರುವ ಮೊದಲು.

ಈ ವರ್ಷ ನಮ್ಮ ಮನೆಯಲ್ಲಿ ಎರಡು ಕರುಗಳಿವೆ. ಹೆಣ್ಣು ಬೇಗ ಕಲಿತಿತು. ಹೋರಿಗರು ನೆತ್ತಿಯಲ್ಲಿ ಬಿಳಿ ಚುಕ್ಕೆಯದು, ಇನ್ನೂ ಚರಂಡಿ ಕಂಡರೆ ನಿಲ್ಲುತ್ತದೆ, ಆದರೆ ಮೊದಲಿನಂತೆ ಹಿಂದಕ್ಕೆ ಜಿಗಿಯುವುದಿಲ್ಲ. ನಾನೀಗ ಅದನ್ನು ರಸ್ತೆಯ ಅಂಚಿಗೆ ಒಯ್ಯಲು ಶುರು ಮಾಡಿದ್ದೇನೆ, ಲಾರಿ ಬಸ್ಸುಗಳ ಸದ್ದು ರೂಢಿಯಾಗಲಿ ಅಂತ. ಮೊದಲು ದೂರದಿಂದ, ತಾಯಿ ಜೊತೆಗೆ. ಮೂಗು ಚುಚ್ಚಿಸುವ ಮಾತು ಮನೆಯಲ್ಲಿ ಆಗಲೇ ಎದ್ದಿದೆ. ಅವ್ವ ಅದನ್ನು ಮುಂದಿನ ವರ್ಷದ ಚಳಿಗಾಲಕ್ಕೆ ದೂಡಿದ್ದಾಳೆ. ನೊಣ ಕಡಿಮೆ ಇರುತ್ತವೆ, ಅಷ್ಟರಲ್ಲಿ ಮಗಡದಲ್ಲಿ ಹೊಲದವರೆಗೂ ಹೋಗಿಬರುವಷ್ಟು ಕಲಿತಿರುತ್ತದೆ. ಆಮೇಲೆ ಎರಡು ಹಲ್ಲು ಬಂದಾಗ ಮುದಿ ಎತ್ತಿನ ಪಕ್ಕ ಕಟ್ಟಿ, ಬರೀ ನೊಗ ಹೊರಿಸಿ, ಹಿಂದೆ ಏನೂ ಹೂಡದೆ ನಡೆಸುವುದು. ಅದಕ್ಕೆ ಇನ್ನೂ ಬಹಳ ದಿನ ಇದೆ.